ವಾಕಿಂಗ್ ಹೋದರೆ ತವರಿಗೆ ಹೊರಟಳು ಅಂದರು

ಇವತ್ತು ಸಂಜೆ ನಾನೂ ಮಗಳೂ ಕೈಲಾಂಚದ ರಸ್ತೆಯಲ್ಲಿ ವಾಕಿಂಗ್ ಹೊರಟೆವು ಕಣ್ರಪ್ಪಾ. ಇಬ್ಬರ ತೂಕವೂ ಜಾಸ್ತಿ, ಹೀಗೇ ಬಿಟ್ಟರೆ ಮಗುವಿಗೂ ಸಕ್ಕರೆ ಕಾಯಿಲೆ ಬರಬಹುದು ಅಂದಿದ್ದರು ಡಾಕ್ಟರು. ಅವತ್ತಿನಿಂದ ನನಗೆ ನಿದ್ದೆಯಿಲ್ಲ.

ಡೇರಿ ದಾಟುವಷ್ಟರಲ್ಲಿ ಪಕ್ಕದ ತೋಟದ ನಂಜಪ್ಪ ಮಾವ ಬೈಕ್ ನಿಲ್ಲಿಸಿದರು. ಹಿಂದೆ ರೇಷ್ಮೆ ಸೊಪ್ಪಿನ ಮೂಟೆ.

"ಯಾಕವ್ವ ನಡ್ಕೊಂಡ್ ಹೊಂಟಿದ್ದೀಯ? ಮೂಟೆ ಒಸಿ ಸರಿಸ್ತೀನಿ, ಹತ್ಕೊಳ್ಳಿ."

"ಎಲ್ಲಿಗೂ ಇಲ್ಲ ಮಾವ, ಸುಮ್ನೆ ನಡೀತಿದ್ದೀವಿ."

"ಸುಮ್ನೆ ಯಾರವ್ವ ನಡೀತಾರೆ? ಗಂಡನ್ ಜೊತೆ ಜಗಳ ಆಡ್ಕೊಂಡ್ ತವರಿಗೆ ಹೊಂಟಿದ್ದೀಯ, ಅಲ್ವಾ?"

"ಮೈ ಇಳಿಸೋಕೆ ಮಾವ."

"ನಿಂಗೇನಾಗೈತೆ, ಲಕ್ಷಣವಾಗಿದ್ದೀಯ. ನನ್ ತಾವ ಮುಚ್ಚಿಡ್ಬೇಡ."

ನಾವು ಹತ್ತಲಿಲ್ಲ. ಅವರು ಸೀದಾ ನಮ್ಮ ಯಜಮಾನರಿಗೆ ಫೋನ್ ಮಾಡಿದ್ದಾರೆ. ನಾವು ವಾಪಸ್ ಬಂದಾಗ ಯಜಮಾನರು ಮೈಸೂರುಪಾಕಿನ ಡಬ್ಬ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ತಪ್ಪಾಯ್ತು ಕಣೆ, ಇನ್ಮೇಲೆ ಹಂಗ್ ಮಾಡಕಿಲ್ಲ. ಒಳೀಕ್ ಬಾ."

ಮಗಳು ಆಗಲೇ ಎರಡು ತುಂಡು ತಿಂದಳು. ನಡೆದದ್ದೆಲ್ಲ ಅಲ್ಲಿಗೇ ವಜಾ.

ಆದರೆ ನಾವು ಜಗಳವನ್ನೇ ಆಡಿಲ್ಲ. ಹಾಗಾದರೆ ಇವರು ಒಪ್ಪಿಕೊಂಡದ್ದು ಯಾವ ತಪ್ಪನ್ನು? ಕೇಳಿದರೆ ಡಬ್ಬ ಮುಂದಕ್ಕೆ ತಳ್ಳುತ್ತಾರೆ. ಅದೇ ಯೋಚನೆಯಲ್ಲಿ ರಾತ್ರಿ ಊಟ ಸೇರಲಿಲ್ಲ. ನನ್ನ ತೂಕ ಇಳಿಯೋಕೆ ಈ ಚಿಂತೆಯೊಂದೇ ಸಾಕು. ಮಗಳಿಗೆ ಮಾತ್ರ ನಾಳೆಯೂ ವಾಕಿಂಗೇ ಗತಿ.