ಬಿಳಿಯೊಳಗೆ ಅಡಗಿದ ಗಂಟು

ಅಕ್ಕನ ಮ್ಯಾಮೊಗ್ರಾಂ ರಿಪೋರ್ಟ್ ಓದಿ ‘ಏನೂ ಇಲ್ಲ’ ಎಂದವನು ನಾನೋ, ಭಾವನೋ, ನನಗೀಗ ಖಚಿತವಿಲ್ಲ. ಅಕ್ಕ ಮಾತ್ರ ನೀನೇ ಎನ್ನುತ್ತಾಳೆ. ನಮ್ಮವರಲ್ಲಿ ಯುನಿವರ್ಸಿಟಿ ಕಂಡವನು ನಾನೊಬ್ಬನೇ. ಹಾಗಾಗಿ ಯಾರ ರಿಪೋರ್ಟ್ ಬಂದರೂ ಓದಿಸಲು ರೋಣದ ನನ್ನ ಮನೆಗೇ ತರುತ್ತಾರೆ. ಗಜೇಂದ್ರಗಡದಿಂದ ಭಾವನ ಜೊತೆ ಬಂದಿದ್ದ ಅಕ್ಕ ಅಂದು ಒಪ್ಪಲಿಲ್ಲ.

“ಗಂಟು ಕೈಗೆ ಹತ್ತತೈತೋ ತಮ್ಮಾ.”

“ಮಷಿನ್‌ಗಿಂತ ನಿನ್ನ ಕೈ ಭಾಳ ಶಾಣ್ಯಾ ಆತೇನು?” ಎಂದು ಯಾರೋ ನಕ್ಕರು. ಆ ನಗುವೂ ನನ್ನದೇ ಇರಬೇಕು.

“ಮೈ ನಂದೋ, ಮಷಿನ್ನಿಂದೋ?” ಎಂದಳು ಅಕ್ಕ.

ಎರಡು ತಿಂಗಳ ಮೇಲೆ ಅವಳೇ ನರಗುಂದದ ವೈದ್ಯೆಯೊಬ್ಬರಿಗೆ ತೋರಿಸಿದಳು. ಅಲ್ಟ್ರಾಸೌಂಡಿನಲ್ಲಿ ಗಂಟು ಕಂಡಿತು. ಸೂಜಿಯಿಂದ ತೆಗೆದ ತುಣುಕಿನಲ್ಲಿ ಕ್ಯಾನ್ಸರ್ ಇತ್ತು. ಸ್ತನದೊಳಗಿನ ಅಂಗಾಂಶ ದಟ್ಟವಾಗಿದ್ದರೆ ಮ್ಯಾಮೊಗ್ರಾಂನಲ್ಲಿ ಅದೂ ಬಿಳಿ, ಗಂಟೂ ಬಿಳಿ, ಅದಕ್ಕೇ ಅಡಗಿತ್ತು ಎಂದು ವೈದ್ಯೆ ಹೇಳಿದರು. ಅಕ್ಕನಿಗೆ ಚಿಕಿತ್ಸೆ ಶುರುವಾಯಿತು. ನಾನು ವಾರಗಟ್ಟಲೆ ಆ ಮ್ಯಾಮೊಗ್ರಾಂ ಯಂತ್ರವನ್ನೇ ಬೈಯುತ್ತ ತಿರುಗಿದೆ.

ಮೊನ್ನೆ ಹಳೆಯ ರಿಪೋರ್ಟ್ ತೆಗೆದು ನೋಡಿದೆ. ಸ್ತನ ದಟ್ಟವಾಗಿದೆ, ಗಂಟು ಕೈಗೆ ಸಿಗುತ್ತಿದ್ದರೆ ಅಲ್ಟ್ರಾಸೌಂಡ್ ಮಾಡಿಸಿ ಎಂದು ಎರಡನೆಯ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು.