ರಸ್ತೆಗೆ ಬೆನ್ನು ಹಾಕಿದ ಕುರ್ಚಿ

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಬಾಡಿಗೆ ಮನೆ ಹಿಡಿದು ಪರದೆ ಕಟ್ಟುವಷ್ಟರಲ್ಲಿ ಡರ್ಬಿಗೆ ಬಂದೆವು. ಗಂಡನದು ವಿಮಾನದ ಎಂಜಿನ್ ಕಾರ್ಖಾನೆಯಲ್ಲಿ ಕಾಂಟ್ರ್ಯಾಕ್ಟ್ ಕೆಲಸ. ಅದು ಮುಗಿದರೆ ಆ ಊರಿನ ಋಣವೂ ಮುಗಿಯಿತು. ಈ ಸಲ ಕಾಂಟ್ರ್ಯಾಕ್ಟ್ ಮುಂದುವರಿಯಲಿ, ಇಲ್ಲೇ ಬೇರು ಬಿಡೋಣ ಎಂದು ನನಗೆ ಹಟ.

ಪಕ್ಕದ ಮನೆಯ ಇಟಲಿಯ ಅಜ್ಜಿ ಮೊದಲ ವಾರವೇ ಆ ಉತ್ಸಾಹಕ್ಕೆ ತಣ್ಣೀರೆರಚಿದಳು. ಬಿಸಿಲು ಬಂದರೆ ಸಾಕು, ಬಾಗಿಲ ಮುಂದೆ ಕುರ್ಚಿ ಹಾಕಿ, ಮುಖ ಗೋಡೆಗೆ, ಬೆನ್ನು ರಸ್ತೆಗೆ ಮಾಡಿ ಕೂರುವಳು. ನಮ್ಮ ಬಣ್ಣ ಕಂಡು ಮುಖ ತಿರುಗಿಸುತ್ತಾಳೆಂದು ನಾನು ಒಳಗೊಳಗೇ ಕುದಿದೆ. ಬೇಸಿಗೆಯಿಡೀ ಮಾತಿಲ್ಲ. ಕೊನೆಗೆ ತಡೆಯಲಾಗದೆ ಕೇಳಿಯೇಬಿಟ್ಟೆ.

"ಅಯ್ಯೋ, ನಮ್ಮೂರಲ್ಲಿ ಹೆಂಗಸರೆಲ್ಲ ಹೀಗೇ ಕೂರೋದು," ಎಂದಳು ತನ್ನ ಹರಕು ಇಂಗ್ಲಿಷಿನಲ್ಲಿ.

ಅವಳ ಊರು ದಕ್ಷಿಣ ಇಟಲಿಯ ಒಂದು ಗುಡ್ಡದ ನೆತ್ತಿಯಲ್ಲಿದೆ. ಕೆಳಗಿನ ಬಯಲಲ್ಲಿ ಮಲೇರಿಯಾ, ಕಡಲ ಕಡೆಯಿಂದ ದರೋಡೆಕೋರರು. ಹೆದರಿದ ಜನ ಮೇಲೆ ಹತ್ತಿ ಮನೆಗೆ ಮನೆ ಅಂಟಿಸಿಕೊಂಡರಂತೆ. ಹೊಲ ಮಾತ್ರ ಕೆಳಗೇ ಉಳಿಯಿತು. ಬೆಳಗಾದರೆ ಕತ್ತೆಯೊಡನೆ ಇಳಿಯಬೇಕು, ಸಂಜೆ ಏದುಸಿರು ಬಿಡುತ್ತ ಹತ್ತಬೇಕು. ಭೂಕಂಪ ಅರ್ಧ ಊರನ್ನು ನುಂಗಿತು. ಉಳಿದ ಅರ್ಧದ ಗಂಡಸರನ್ನು ಕೂಲಿಗೆ ಕರೆದ ಇಂಗ್ಲೆಂಡಿನ ಇಟ್ಟಿಗೆ ಗೂಡುಗಳು ನುಂಗಿದವು. ಆ ಊರಿನ ಓಣಿ ಕಿರಿದು. ಹೋಗಿಬರುವವರ ಮುಖ ನೋಡುತ್ತ ಕೂತ ಹೆಂಗಸಿಗೆ ಮಾನವಿಲ್ಲ ಎನ್ನುವರು, ಅದಕ್ಕೇ ಬೆನ್ನು. ಕಿವಿ ಮಾತ್ರ ರಸ್ತೆಯ ಮೇಲೆಯೇ! ಯಾರು ಬಂದರು, ಕುಡಿದಿದ್ದಾರೋ, ಜಗಳವಾಡಿದ್ದಾರೋ, ಎಲ್ಲ ಹೆಜ್ಜೆಯಲ್ಲೇ ಗೊತ್ತಾಗುತ್ತಿತ್ತಂತೆ. ಎಂಥ ಕಿಲಾಡಿ ಊರು!

"ನೀನು ಬಸ್ ತಪ್ಪಿಸಿಕೊಂಡವಳ ಹಾಗೆ ನಡೀತೀಯ," ಎಂದಳು. "ನಿನ್ನ ಗಂಡ, ಕೆಟ್ಟ ಸುದ್ದಿ ಇದ್ದ ದಿನ ಗೇಟಿನ ಹತ್ರ ನಿಲ್ತಾನೆ."

ಅಂದಿನಿಂದ ನನಗೂ ಒಂದು ಕುರ್ಚಿ ಬಂತು. ಎಲ್ಲಿ ಕೂತರೂ ಚಡಪಡಿಸುವ ನಾನು ಇಲ್ಲಿಯೂ ನಿಮಿಷಕ್ಕೊಮ್ಮೆ ಕತ್ತು ತಿರುಗಿಸುತ್ತಿದ್ದೆ. ಅಜ್ಜಿ ಗದರುತ್ತಿದ್ದಳು. ಬರಬರುತ್ತ ಪೋಸ್ಟಿನವನ ನಡಿಗೆ ಗೊತ್ತಾಯಿತು, ಎದುರು ಮನೆಯ ನರ್ಸಿನದೂ. ಈ ಬೀದಿ ನನ್ನದೆನಿಸತೊಡಗಿತು.

ಕಾಂಟ್ರ್ಯಾಕ್ಟ್ ತೀರ್ಮಾನವಾಗುವ ದಿನವೂ ನಾವಿಬ್ಬರೂ ಗೋಡೆ ನೋಡುತ್ತ ಕೂತಿದ್ದೆವು. ಗಂಡನ ಹೆಜ್ಜೆ ಮೂಲೆ ತಿರುಗಿತು, ಹತ್ತಿರ ಬಂತು, ಗೇಟಿನ ಬಳಿ ನಿಂತಿತು. ಅಜ್ಜಿ ಸದ್ದಿಲ್ಲದೆ ನನ್ನ ಕೈ ಹಿಡಿದುಕೊಂಡಳು.

"ಶೆಫೀಲ್ಡ್‌ನಲ್ಲಿ ಮುಂದಿನ ಕೆಲಸ. ಅಲ್ಲಿ ಟ್ರಾಮ್ ಇದೆ ಕಣೇ," ಎಂದ ಹಿಂದಿನಿಂದ, ಮಗುವಿಗೆ ಪೆಪ್ಪರ್‌ಮಿಂಟ್ ತೋರಿಸುವವನ ಹಾಗೆ.

ನಾನು ತಿರುಗಲಿಲ್ಲ. ಅಳುವ ಮುಖ ಬೀದಿಗೆ ಕಾಣಬಾರದೆಂದೂ ಅಜ್ಜಿಯ ಊರಿನ ಹೆಂಗಸರು ಹೀಗೆ ಕೂರುತ್ತಿದ್ದಿರಬೇಕು.