ಕುಡಿಯಬಾರದೆಂದು ಬರೆದಿದ್ದ ನೀರು

ನನ್ನ ಮೊಮ್ಮಗಳಿಗೆ ಆಗ ಆರು ವರ್ಷ. ಪ್ರತಿದಿನ ಬೆಳಿಗ್ಗೆ, ಹಲ್ಲುಜ್ಜುವುದಕ್ಕೂ ಮೊದಲು, ಅವಳ ಮೂತ್ರದಲ್ಲಿ ಒಂದು ತೆಳುವಾದ ಪಟ್ಟಿಯನ್ನು ಅದ್ದಿ, ಒಂದು ನಿಮಿಷ ಕಾದು, ಅದರ ತುದಿಯ ಬಣ್ಣವನ್ನು ಡಬ್ಬಿಯ ಮೇಲೆ ಅಚ್ಚಾಗಿದ್ದ ಬಣ್ಣಗಳ ಪಕ್ಕದಲ್ಲಿ ಹಿಡಿದು ನೋಡಬೇಕಾಗಿತ್ತು. ಹಳದಿಯಾಗಿಯೇ ಉಳಿದರೆ ಮೂತ್ರಪಿಂಡ ನೆಮ್ಮದಿಯಾಗಿದೆ ಎಂದು ಅರ್ಥ. ಹಸಿರಿಗೆ ತಿರುಗಿದರೆ ದೇಹದ ಪ್ರೋಟೀನು ಸೋರಿಹೋಗುತ್ತಿದೆ ಎಂದು ಅರ್ಥ. ಸತತವಾಗಿ ಮೂರು ದಿನ ಹಸಿರು ಬಂದರೆ ಕಾಯಿಲೆ ಮರುಕಳಿಸಿದಂತೆ. ಆಗ ಮತ್ತೆ ಸ್ಟೆರಾಯ್ಡ್ ಮಾತ್ರೆಗಳ ದೊಡ್ಡ ಪ್ರಮಾಣ, ಮತ್ತೆ ಊದಿದ ಮುಖ, ಮತ್ತೆ ಆಸ್ಪತ್ರೆ. ಸಣ್ಣ ನೆಗಡಿಯೋ ಹೊಟ್ಟೆಯ ಸೋಂಕೋ ಅದಕ್ಕೆ ನೆಪವಾದರೆ ಸಾಕು ಎಂದು ವೈದ್ಯರು ಎಚ್ಚರಿಸಿದ್ದರು.

ಈ ಕಾಯಿಲೆಯನ್ನು ಮೊದಲು ಅನುಮಾನಿಸಿದವನು ನಾನು. ಮಗಳ ಸಂಸಾರ ಆಗ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿತ್ತು. ಬೆಳಗಿನ ಹೊತ್ತು ಮಗುವಿನ ಕಣ್ಣುಗಳು ಊದುತ್ತಿದ್ದವು. ಹೂವಿನ ಪರಾಗದ ಅಲರ್ಜಿ ಎಂದು ಅಕ್ಕಪಕ್ಕದವರೆಲ್ಲ ಹೇಳಿದರು, ಮಗಳೂ ನಂಬಿದಳು. ಮೈಸೂರಿನಿಂದ ಪರದೆಯ ಮೇಲೆ ನೋಡುತ್ತಿದ್ದ ನಾನು ನಂಬಲಿಲ್ಲ. ನಾನು ವೈದ್ಯನಲ್ಲ, ಹತ್ತನೆಯ ತರಗತಿಯನ್ನೂ ದಾಟದೆ, ಒಂದು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುತ್ತ, ಅಲ್ಲಿನ ಪುಸ್ತಕಗಳನ್ನು ಓದುತ್ತ ಮೂವತ್ತು ವರ್ಷ ಕಳೆದ ಅಟೆಂಡರು. ಪರಾಗವಾದರೆ ಸಂಜೆಯ ಹೊತ್ತಿಗೆ ಊತ ಇಳಿಯುವುದೇಕೆ, ಕಾಲು ಊದುವುದೇಕೆ ಎಂದು ಕೇಳಿದೆ. ಮೂತ್ರವನ್ನು ಸ್ಟೀಲಿನ ಸೌಟಿನಲ್ಲಿ ಕುದಿಸಿ, ಒಂದು ಹನಿ ವಿನಿಗರ್ ಬಿಟ್ಟು, ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತದೆಯೇ ನೋಡು ಎಂದೆ. ಹೆಪ್ಪುಗಟ್ಟಿತು. ಮಾರನೆಯ ದಿನವೇ ಅವರು ಮಗುವನ್ನು ಆಸ್ಪತ್ರೆಗೆ ಸೇರಿಸಿದರು.

ಇದನ್ನು ಬರೆಯಲು ಕಾರಣವಿದೆ. ಅಂದಿನಿಂದ ನಮ್ಮ ಮನೆಯಲ್ಲಿ ನನ್ನ ಅನುಮಾನಕ್ಕೆ ಒಂದು ಅಧಿಕಾರ ಬಂದುಬಿಟ್ಟಿತ್ತು. ಆ ಅಧಿಕಾರವನ್ನು ನಾನೂ ಒಪ್ಪಿಕೊಂಡಿದ್ದೆ.

ಎರಡು ವರ್ಷಗಳ ನಂತರ ನಾನು ಅವರ ಬಳಿಗೆ ಬಂದಾಗ ಅವರು ಬ್ರಿಸ್ಬೇನ್‌ನ ಪಶ್ಚಿಮಕ್ಕಿರುವ ಇಪ್ಸ್‌ವಿಚ್‌ನಲ್ಲಿ ನೆಲೆಸಿದ್ದರು. ಮಗಳು ಸರಕು ಸಾಗಣೆಯ ಕಂಪನಿಯೊಂದರಲ್ಲಿ ಯಾವ ಲಾರಿ ಎಷ್ಟು ಹೊತ್ತಿಗೆ ಎಲ್ಲಿರಬೇಕೆಂದು ಗೊತ್ತುಮಾಡುತ್ತಿದ್ದಳು. ಅಳಿಯ ಆಸ್ಪತ್ರೆಯ ಯಂತ್ರಗಳನ್ನು ದುರಸ್ತಿ ಮಾಡುತ್ತಿದ್ದ. ಸೆಪ್ಟೆಂಬರಿನ ಶಾಲೆಯ ರಜೆಗೆ, ಸತತ ನೂರು ದಿನ ಪಟ್ಟಿ ಹಳದಿಯಾಗಿಯೇ ಬಂದ ಸಂತೋಷಕ್ಕೆ, ಪರ್ತ್‌ನಲ್ಲಿರುವ ಅಳಿಯನ ಅಕ್ಕ ಒಂದು ಉಡುಗೊರೆ ಕಳುಹಿಸಿದಳು: ಬೆಟ್ಟದ ಮೇಲಿನ ಖಾಸಗಿ ಜಮೀನೊಂದರಲ್ಲಿ, ತೊರೆಯ ದಡದಲ್ಲಿ, ರೆಡ್‌ವುಡ್ ಮರಗಳ ನಡುವೆ ಮೂರು ದಿನದ ಗ್ಲ್ಯಾಂಪಿಂಗ್.

ಗ್ಲ್ಯಾಂಪಿಂಗ್ ಎಂದರೆ ಏನೆಂದು ಕಾರಿನಲ್ಲಿ ಕೇಳಿದೆ.

"ಟೆಂಟೇ ಮಾವ. ಆದ್ರೆ ಒಳಗಡೆ ಮಂಚ ಇರತ್ತೆ, ಕಾರ್ಪೆಟ್ ಇರತ್ತೆ, ಬಿಸಿನೀರೂ ಬರತ್ತೆ" ಎಂದ ಅಳಿಯ.

"ಅದಕ್ಕೆ ಮನೆ ಅಂತಾರೆ" ಎಂದೆ.

"ಅಪ್ಪ, ಮೂರು ದಿನ ಏನನ್ನೂ ಡೌಟ್ ಮಾಡ್ದೆ ಇರ್ತೀಯಾ? ನಂಗೋಸ್ಕರ?" ಮಗಳು ಮುಂದಿನ ಸೀಟಿನಿಂದ ತಿರುಗಿ ನಕ್ಕಳು. ಬ್ರಿಸ್ಬೇನಿನ ಇಂಡೂರೂಪಿಲ್ಲಿ ಬಡಾವಣೆಯ ಅಂಗಡಿಯಲ್ಲಿ ಹೊಸದಾಗಿ ಕೊಂಡ ಕೆಂಪು ರಬ್ಬರ್ ಬೂಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಮೊಮ್ಮಗಳು, "ಹಿ ಕಾಂಟ್" ಎಂದಳು. ಎಲ್ಲರೂ ನಕ್ಕೆವು.

ಜಾಗದ ಒಡತಿ ಅರವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಮರಗಳನ್ನು ತೋರಿಸುತ್ತ, ಇವು ನೂರೈವತ್ತು ವರ್ಷದವು, ತನ್ನ ಗಂಡನ ಮುತ್ತಜ್ಜ ಅಮೆರಿಕದಿಂದ ಬೀಜ ತಂದು ನೆಟ್ಟದ್ದು ಎಂದಳು. ಮರಗಳು ಭವ್ಯವಾಗಿದ್ದುದು ನಿಜ. ತೆಂಗಿನ ನಾರಿನಂಥ ಕೆಂಚು ತೊಗಟೆ, ಬೆರಳಿಂದ ಒತ್ತಿದರೆ ಮೆತ್ತಗೆ ಒಳಸರಿಯುತ್ತಿತ್ತು. ಆದರೆ ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲಿ ಅದೇ ಸಾಲಿನ ಒಂದು ಮರವನ್ನು ಕಡಿದ ಬುಡ ಉಳಿದಿತ್ತು. ಮಗಳು ಚೀಲಗಳನ್ನು ಇಳಿಸುತ್ತಿದ್ದಾಗ ನಾನು ಮಂಡಿಯೂರಿ, ಮೊಮ್ಮಗಳ ಪೆನ್ಸಿಲಿನಿಂದ ಗುರುತು ಹಾಕುತ್ತ, ಅದರ ಉಂಗುರಗಳನ್ನು ಎರಡು ಬಾರಿ ಎಣಿಸಿದೆ. ಎರಡು ಬಾರಿಯೂ ನಲವತ್ತಮೂರು. ಒಡತಿಗೆ ತೋರಿಸಿದೆ. ಅವಳು ಜೋರಾಗಿ ನಕ್ಕು, ಹದಿನೈದು ವರ್ಷದಿಂದ ಬಂದ ಅತಿಥಿಗಳಲ್ಲಿ ಯಾರೂ ಎಣಿಸಿರಲಿಲ್ಲ, ಸತ್ಯ ಹೇಳಬೇಕೆಂದರೆ ನೆಟ್ಟದ್ದು ತನ್ನ ಮಾವ ಎಂದು ಒಪ್ಪಿಕೊಂಡಳು.

ಆ ಗೆಲುವು ತಲೆಯಲ್ಲಿ ಬೆಚ್ಚಗೆ ಕೂತಿರುವಾಗಲೇ ನಾನು ಮೊಮ್ಮಗಳ ಕೈಹಿಡಿದು ತೊರೆಗೆ ಇಳಿದೆ. ದಡದಲ್ಲಿ ಒಂದು ಹಲಗೆ ನೆಟ್ಟಿದ್ದರು. ಈ ನೀರನ್ನು ಕುಡಿಯಬಾರದು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಓದಿದೆ. ನೀರು ನೋಡಿದೆ. ಒಂದು ಮೊಳದ ಆಳದಲ್ಲಿ ಒಂದೊಂದು ಹರಳೂ ಕಾಣುತ್ತಿತ್ತು. ಕಲ್ಲುಗಳ ಮೇಲೆ ಹಾರಿ ಹರಿಯುತ್ತಿದ್ದ ನೀರಿಗೆ ವಾಸನೆಯಿರಲಿಲ್ಲ, ನೊರೆಯಿರಲಿಲ್ಲ. ಈ ದೇಶದಲ್ಲಿ ವಕೀಲರಿಗೆ ಹೆದರಿ ಮೆಟ್ಟಿಲಿನ ಪಕ್ಕದಲ್ಲೂ ಮೆಟ್ಟಿಲಿದೆ ಎಂದು ಬರೆಯುತ್ತಾರೆ. ಇದೂ ಅಂಥದ್ದೇ ಎಂದುಕೊಂಡೆ. ಮರದ ವಯಸ್ಸಿನ ವಿಷಯದಲ್ಲಿ ಸುಳ್ಳು ಹೇಳಿದವಳು ತಾನೇ ಈ ಹಲಗೆಯನ್ನೂ ಬರೆಸಿದ್ದು?

ಹೊಸ ಹೊಳೆಯನ್ನು ಕಂಡರೆ ನನ್ನ ತಾಯಿ ಬಗ್ಗಿ, ನೀರು ಮುಟ್ಟಿ ಕಣ್ಣಿಗೊತ್ತಿಕೊಂಡು, ತಲೆಯ ಮೇಲೆ ಚಿಮುಕಿಸಿ, ಒಂದು ಬೊಗಸೆ ಕುಡಿದು, ನಂತರವೇ ಕಾಲಿಡುತ್ತಿದ್ದಳು. ಅದರ ಪುಣ್ಯದಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಕೈಗೆ ಆ ಅಭ್ಯಾಸ ಉಳಿದಿದೆ. ನಾನು ಬಗ್ಗಿದೆ, ಕಣ್ಣಿಗೊತ್ತಿಕೊಂಡೆ, ಮೂರು ಬೊಗಸೆ ಕುಡಿದೆ. ನೀರು ತಣ್ಣಗಿತ್ತು, ಸಿಹಿಯಾಗಿತ್ತು.

"ವಾಟ್ಸ್ ದಟ್ ಫಾರ್, ತಾತ?"

"ಹೊಳೆಗೆ ನಮಸ್ಕಾರ, ಪುಟ್ಟಿ. ನನ್ನಮ್ಮ ಹೀಗೇ ಮಾಡ್ತಿದ್ಳು."

"ಮೀ ಟೂ."

ಅವಳು ಪುಟ್ಟ ಕೈಗಳನ್ನು ಜೋಡಿಸಿ ನೀರೆತ್ತಿ ಬಾಯಿಗೆ ತಂದಳು. ಆ ಗಳಿಗೆಯಲ್ಲಿ ಮರದ ತುದಿಯಲ್ಲಿ ಯಾವುದೋ ಹಕ್ಕಿ ಕಿರುಚಿತು. ನಾನು ಮೇಲೆ ನೋಡಿದೆ. ಕೆಳಗೆ ನೋಡುವಷ್ಟರಲ್ಲಿ ಅವಳು ಅಂಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು. ಗದ್ದದಿಂದ ನೀರು ತೊಟ್ಟಿಕ್ಕುತ್ತಿತ್ತು.

ಮಧ್ಯಾಹ್ನದ ಊಟವಾದ ಮೇಲೆ ಒಬ್ಬನೇ ತೊರೆಯ ಮೇಲ್ಭಾಗಕ್ಕೆ ನಡೆದೆ. ಇನ್ನೂರು ಹೆಜ್ಜೆಯೂ ಆಗಿರಲಿಲ್ಲ. ಬಾಗಿದ ಬೇಲಿಯ ಕೆಳಗೆ, ಎರಡು ಬಂಡೆಗಳ ನಡುವೆ, ಚಿಕ್ಕ ಕಾಂಗರೂವಿನಂಥ ವಾಲಬಿಯೊಂದು ಸತ್ತು ಸಿಕ್ಕಿಕೊಂಡಿತ್ತು. ಹೊಟ್ಟೆ ಉಬ್ಬಿ ಒಡೆದಿತ್ತು. ನೀರು ಅದರೊಳಗೆ ಹೊಕ್ಕು, ಅದರೊಳಗಿಂದ ಹೊರಟು, ಅಷ್ಟೇ ತಿಳಿಯಾಗಿ ಕೆಳಗೆ ಹರಿಯುತ್ತಿತ್ತು.

ಪ್ರಯೋಗಾಲಯದಲ್ಲಿ ಹೊಸ ಹುಡುಗರಿಗೆ ನಾನು ಹೇಳುತ್ತಿದ್ದ ಮೊದಲ ಮಾತು, ತಿಳಿಯಾಗಿದೆಯೆಂದು ಯಾವ ಸೀಸೆಯನ್ನೂ ನೀರೆಂದು ತಿಳಿಯಬೇಡಿ ಎಂಬುದು.

ಗುಡಾರದ ಬಳಿಗೆ ಮರಳಿದಾಗ ಮಗಳು ಕೂದಲು ಬಿಚ್ಚಿಕೊಂಡು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಯಾವುದೋ ಹಾಡು ಗುನುಗುತ್ತಿದ್ದಳು. ಅವಳು ಗುನುಗುವುದನ್ನು ನಾನು ಎರಡು ವರ್ಷದಿಂದ ಕೇಳಿರಲಿಲ್ಲ. ಅಳಿಯ ಬಾರ್ಬೆಕ್ಯೂ ಒಲೆಯ ತಟ್ಟೆಯ ಮೇಲೆ ಜೋಳ, ಪನೀರು ಜೋಡಿಸುತ್ತಿದ್ದ. "ಎಲ್ಲಿ ಹೋಗ್ಬಿಟ್ರಿ ಮಾವ? ಬಾರ್ಬಿ ಹಚ್ತಾ ಇದೀನಿ. ಸರ್ವೋದಲ್ಲಿ ಪೆಟ್ರೋಲ್ ಹಾಕ್ಸೋವಾಗ ಐಸೂ ತಗೊಂಡ್ಬಂದೆ, ಜ್ಯೂಸ್ ಕುಡೀರಿ" ಎಂದ.

ಹೇಳಬೇಕು. ಹೇಳಿದರೆ ಈ ಗುನುಗು ನಿಲ್ಲುತ್ತದೆ. ಮಗು ಕುಡಿದೇ ಇಲ್ಲವಾದರೆ? ಕುಡಿದಿದ್ದರೆ? ನಾನು ಮೊಮ್ಮಗಳ ಹಣೆ ಮುಟ್ಟಿ ನೋಡಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಮುಟ್ಟಿದೆ. ಜ್ವರ ಅಷ್ಟು ಬೇಗ ಬರುವುದಿಲ್ಲವೆಂದು ತಿಳಿದಿದ್ದೂ ಮೂರನೆಯ ಬಾರಿ ಮುಟ್ಟಿದಾಗ ಮಗಳು ಹಾಡು ನಿಲ್ಲಿಸಿದಳು.

"ಏನಪ್ಪ?"

ಹೇಳಿದೆ.

ಅವಳು ಕೂಗಾಡಲಿಲ್ಲ. ಲಾರಿಗಳನ್ನು ಹುಡುಕುವ ದನಿಯಲ್ಲಿ ಕೇಳತೊಡಗಿದಳು. ಎಷ್ಟು ಗಂಟೆಗೆ? ಎಷ್ಟು ನೀರು? ಒಂದೇ ಸಲವಾ? ನುಂಗಿದ್ದು ನೋಡಿದ್ಯಾ?

"ನೋಡಲಿಲ್ಲ. ಆಗ ಮೇಲೆ ನೋಡ್ತಿದ್ದೆ."

"ಬೋರ್ಡ್ ನೋಡ್ಲಿಲ್ವಾ?"

"ನೋಡಿದೆ."

"ನೋಡಿಯೂ?"

"ನಂಬಲಿಲ್ಲ ಕಣೇ."

ಆಗ ಅವಳು ಮಗುವನ್ನು ತೊಡೆಯಿಂದ ಇಳಿಸಿದಳು. "ನಿಂಗೆ ಯಾರೂ ಹೇಳಿದ್ದು ಸಾಲಲ್ಲ ಅಲ್ವಾ ಅಪ್ಪ. ಡಾಕ್ಟರು ಸಾಲಲ್ಲ, ಸ್ಟ್ರಿಪ್ಪು ಸಾಲಲ್ಲ, ಬೋರ್ಡೂ ಸಾಲಲ್ಲ. ನೂರು ದಿನ. ನೂರು ದಿನ ನಾನು ಎಣಿಸಿದೀನಿ."

"ಬಿಡೇ, ಮಾವ ಬೇಕಂತ ಮಾಡಿದ್ರಾ?" ಎಂದ ಅಳಿಯ.

"ನೀವು ಸುಮ್ನಿರಿ. ಬೇಕಂತ ಮಾಡಿದ್ರೆ ಬೈಯೋಕಾದ್ರೂ ಆಗ್ತಿತ್ತು."

ಮೊಮ್ಮಗಳು ನಮ್ಮೆಲ್ಲರ ಮುಖವನ್ನು ನೋಡುತ್ತಿದ್ದವಳು, "ಐ ಸ್ಪ್ಯಾಟ್ ಇಟ್ ಔಟ್. ಇಟ್ ವಾಸ್ ಯಕಿ" ಎಂದಳು. ನೀರು ಉಗುಳಿಬಿಟ್ಟೆ, ಚೆನ್ನಾಗಿರಲಿಲ್ಲ ಎನ್ನುತ್ತಿದ್ದಳು. ಆದರೆ ನೀರು ಸಿಹಿಯಾಗಿತ್ತು, ನಾನೇ ಕುಡಿದಿದ್ದೆ. ತಾತನಿಗೆ ಬೈಗುಳ ತಪ್ಪಿಸಲು ಹೇಳುತ್ತಿದ್ದಾಳೆಂದು ನನಗೆ ಅನ್ನಿಸಿತು. ಅವಳ ಮಾತನ್ನು ನಾನು ನಂಬಲಿಲ್ಲ. ಮಗಳೂ ನಂಬಿದಂತೆ ಕಾಣಲಿಲ್ಲ.

ಆಸ್ಪತ್ರೆಗೆ ಫೋನು ಮಾಡಿದರು. ಈಗಲೇ ಧಾವಿಸಬೇಕಾಗಿಲ್ಲ, ಜ್ವರ, ವಾಂತಿ, ಭೇದಿ ಕಂಡರೆ ತಕ್ಷಣ ಕರೆತನ್ನಿ, ಪ್ರತಿ ಬೆಳಿಗ್ಗೆ ಪಟ್ಟಿ ತಪ್ಪಿಸಬೇಡಿ, ಹತ್ತು ದಿನ ಕಣ್ಣಿಟ್ಟಿರಿ ಎಂದರು. ಬೆಟ್ಟದ ಮೇಲೆ ಉಳಿಯುವ ಮನಸ್ಸು ಯಾರಿಗೂ ಇರಲಿಲ್ಲ. ಜೋಳ ಅರೆಬೆಂದಿತ್ತು. ಬಿಸಿಲು ಇನ್ನೂ ಮರದ ತುದಿಗಳಲ್ಲಿರುವಾಗಲೇ ಚೀಲಗಳನ್ನು ಮತ್ತೆ ಕಾರಿಗೆ ತುಂಬಿದೆವು. ವಾಲಬಿಯ ವಿಷಯ ಕೇಳಿದ ಒಡತಿ ನನ್ನ ಕಡೆಗೆ ತಿರುಗಿದಳು. ಉಂಗುರ ಎಣಿಸುವವರು ಬೋರ್ಡನ್ನೂ ಓದುತ್ತಾರೆಂದುಕೊಂಡಿದ್ದೆ ಎಂದಳು. ಅದರಲ್ಲಿ ಕುಹಕವಿರಲಿಲ್ಲ. ಮಗುವಿಗೆ ಒಂದು ಡಬ್ಬಿ ಬಿಸ್ಕತ್ತು ಕೊಟ್ಟಳು. ಕೆಂಪು ಬೂಟುಗಳಿಗೆ ಮಣ್ಣು ಸಹ ಸರಿಯಾಗಿ ಮೆತ್ತಿರಲಿಲ್ಲ.

ಮೊದಲ ಬೆಳಿಗ್ಗೆ ಹಳದಿ. ಎರಡನೆಯ ಬೆಳಿಗ್ಗೆಯೂ ಹಳದಿ. ಮಗಳು ಡಬ್ಬಿಯನ್ನು ನನ್ನ ಮುಂದೆ ಹಿಡಿದು, "ನೋಡ್ಕೋ" ಎಂದಷ್ಟೇ ಹೇಳುತ್ತಿದ್ದಳು. ನಾನು ಕನ್ನಡಕ ಬದಲಿಸಿ, ಕಿಟಕಿಯ ಬಳಿ ಹೋಗಿ, ಎರಡು ಬಾರಿ ನೋಡಿ, ನನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಕಾಲೇಜು ಬಿಟ್ಟ ಮೇಲೂ ನಾನೇ ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯುವ ಪುಸ್ತಕ ಅದು. ಪಕ್ಕದಲ್ಲಿ ಕುದಿಸಿಯೂ ನೋಡಲೇ ಎಂದು ಕೇಳಲು ನಾಲಿಗೆ ತುರಿಸುತ್ತಿತ್ತು. ಕೇಳಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ನನ್ನ ಹೊಟ್ಟೆ ಹಿಂಡತೊಡಗಿತು. ಸಂಜೆಯ ಹೊತ್ತಿಗೆ ಜ್ವರ, ಭೇದಿ. ಆ ನೀರಿನ ಪರೀಕ್ಷೆ ಕೊನೆಗೂ ನನ್ನ ಹೊಟ್ಟೆಯಲ್ಲೇ ನಡೆದು ಫಲಿತಾಂಶ ಬಂದಿತ್ತು. ಇನ್ನು ಮಗುವಿಗೆ ನನ್ನಿಂದಲೂ ಅಪಾಯ. ಮಗಳು ಹಿತ್ತಲಿನ ಒಂಟಿ ಕೋಣೆಯಲ್ಲಿ ನನಗೆ ಹಾಸಿಗೆ ಹಾಸಿದಳು. ಅದಕ್ಕೆ ಬೇರೆಯೇ ಬಚ್ಚಲಿತ್ತು. ಬಿಸಿಲು ತಡೆಯಲೆಂದು ಹಸಿರು ಛಾಯೆ ಹಚ್ಚಿದ್ದ ಅದರ ಗಾಜಿನ ಬಾಗಿಲನ್ನು ಎಳೆದಳು. ಹೊತ್ತುಹೊತ್ತಿಗೆ ಗಂಜಿ, ಉಪ್ಪು ಸಕ್ಕರೆಯ ನೀರು ಹೊರಗಿಟ್ಟು, ಕೈ ತೊಳೆದುಕೊಂಡು ಹೋಗುತ್ತಿದ್ದಳು. ಒಂದು ಸಲ ಮಾತ್ರ ನಿಂತು, "ಮೂರು ಬೊಗಸೆ ಕುಡಿದವನು ನೀನು. ಅವ್ಳು ನಿಜವಾಗ್ಲೂ ಉಗುಳಿರ್ಬೇಕು ಅಪ್ಪ. ಇಲ್ದಿದ್ರೆ ಇಷ್ಟೊತ್ತಿಗೆ..." ಎಂದಳು. ಕೆಲವರಿಗೆ ಎರಡು ದಿನ ತಡವಾಗಿಯೂ ಬರುತ್ತದೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಾಲ್ಕನೆಯ ಬೆಳಿಗ್ಗೆ ನಾನು ಎದ್ದು ಕುಳಿತು ಬಾಗಿಲನ್ನೇ ನೋಡುತ್ತಿದ್ದೆ. ಹೊತ್ತು ಮೀರಿತ್ತು. ಒಳಮನೆಯಲ್ಲಿ ಯಾರೋ ಓಡಾಡಿದ ಸದ್ದು, ನಲ್ಲಿಯ ಸದ್ದು. ಆಮೇಲೆ ಅಂಗಳದ ಹುಲ್ಲಿನ ಮೇಲೆ ಕೆಂಪು ಬೂಟುಗಳು ಬಂದವು. ಗಾಜಿನಾಚೆ ಅವು ಕಂದುಬಣ್ಣವಾಗಿ ಕಂಡವು. ಮೊಮ್ಮಗಳು ಪಟ್ಟಿಯನ್ನು ಎರಡು ಬೆರಳಿನಲ್ಲಿ ಹಿಡಿದು ಗಾಜಿಗೆ ಒತ್ತಿದಳು.

ಹಸಿರು.

ಬಾಗಿಲ ಬಳಿ ಹೋಗಿ ಕನ್ನಡಕ ಸರಿಮಾಡಿಕೊಂಡೆ. ಹಸಿರೇ. ಆದರೆ ಅವಳ ಬಿಳಿಯ ಅಂಗಿಯೂ ಹಸಿರಾಗಿತ್ತು, ಹಲ್ಲುಗಳೂ ಹಸಿರಾಗಿದ್ದವು.

"ಪುಟ್ಟಿ, ಯಾವ ಬಣ್ಣ ಅದು?"

"ಯೆಲ್ಲೋ."

"ಡಬ್ಬಿ ಪಕ್ಕದಲ್ಲಿ ಹಿಡಿದು ನೋಡಿದ್ಯಾ? ಒಂದು ನಿಮಿಷ ಕಾದ್ಯಾ?"

"ಐ ಕೌಂಟೆಡ್ ಟು ಸಿಕ್ಸ್ಟಿ. ಇಟ್ಸ್ ಯೆಲ್ಲೋ, ತಾತ."

"ಅಮ್ಮ ನೋಡಿದ್ಳಾ?"

"ಅಮ್ಮ ಇಸ್ ಇನ್ ದ ಶವರ್." ಅವಳು ತಲೆ ಓರೆ ಮಾಡಿ ನನ್ನನ್ನು ನೋಡಿದಳು. ನಂತರ, ಅಪರೂಪಕ್ಕೆ, ಕನ್ನಡದಲ್ಲಿ, ಒಂದೊಂದು ಪದವನ್ನೂ ಜೋಡಿಸಿಕೊಂಡು ಹೇಳಿದಳು: "ನಾನು ನೋಡಿದೆ. ನಾನು ಸುಳ್ಳು ಹೇಳಲ್ಲ. ನೀರು ಕೂಡ ಉಗುಳಿದೆ."

ಬಾಗಿಲು ತೆರೆದು ಪಟ್ಟಿಯನ್ನು ಈಸಿಕೊಂಡು ಬೆಳಕಿಗೆ ಹಿಡಿಯಲು ನನಗೆ ಒಂದು ಗಳಿಗೆ ಸಾಕಾಗಿತ್ತು. ಚಿಲಕದ ಮೇಲೆ ಕೈಯಿಟ್ಟಿದ್ದೆ. ನನ್ನ ಕೈಯನ್ನೇ ನೋಡಿದೆ. ಅದನ್ನು ಹಿಂದಕ್ಕೆ ತೆಗೆದುಕೊಂಡೆ.

"ಸರಿ ಪುಟ್ಟಿ. ಹೋಗಿ ಸೋಪು ಹಾಕಿ ಕೈ ತೊಳ್ಕೋ" ಎಂದೆ.

ಅವಳು ಬೂಟುಗಳನ್ನು ಎಳೆಯುತ್ತ ಹೋದಳು. ನಾನು ಹಾಸಿಗೆಯ ಮೇಲೆ ಕುಳಿತು ಪುಸ್ತಕ ತೆರೆದೆ. ನಾಲ್ಕನೆಯ ದಿನ, ಎಂದು ಬರೆದು ಬಹಳ ಹೊತ್ತು ಲೇಖನಿ ಹಿಡಿದುಕೊಂಡೇ ಇದ್ದೆ. ಆಮೇಲೆ ಬರೆದೆ: ಹಳದಿ. ಮೊಮ್ಮಗಳು ನೋಡಿ ಹೇಳಿದ್ದು.

ಆ ಪುಟದಲ್ಲಿ ಅಂಥ ಸಾಲುಗಳು ಇನ್ನೂ ಆರು ಇವೆ. ಎಲ್ಲವೂ ಅವಳು ಹೇಳಿದ್ದೇ.